ಸ್ಟೋರ್ ಬಾಗಿಲಿನ ಮೂರನೇ ನಿಯಮ

ಎಚ್.ಆರ್. ವಿಷಯವನ್ನು ನಾನೇ ಆರಿಸಿಕೊಂಡೆ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ರೇಗುತ್ತದೆ. ಬಿ.ಬಿ.ಎ. ಕೊನೆಯ ವರ್ಷಕ್ಕೆ ಬಂದಾಗ ಫೈನಾನ್ಸ್, ಮಾರ್ಕೆಟಿಂಗ್, ಮಾನವ ಸಂಪನ್ಮೂಲ ಇವುಗಳಲ್ಲಿ ಒಂದನ್ನು ಬರೆದುಕೊಡಿ ಎಂದು ಸಕಲೇಶಪುರದ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ನಾನು ಫೈನಾನ್ಸ್ ಎಂದು ಬರೆದುಕೊಟ್ಟೆ. ಹದಿನೈದು ದಿನಕ್ಕೆ ಫೈನಾನ್ಸ್ ಮೇಷ್ಟ್ರು ಬೇರೆ ಊರಿನ ಕಾಲೇಜಿಗೆ ಹೋಗಿಬಿಟ್ಟರು. ಮಾರ್ಕೆಟಿಂಗಿಗೆ ಹೆಸರು ಕೊಟ್ಟವರು ನಾಲ್ಕೇ ಜನ. ಒಂದು ಸೋಮವಾರ ಆಫೀಸಿನವರು ಕ್ಲಾಸಿನ ಬಾಗಿಲಲ್ಲಿ ನಿಂತು, "ಎಲ್ರೂ ಎಚ್.ಆರ್. ಕಣ್ರಪ್ಪಾ" ಎಂದು ಹೇಳಿ ಹೋದರು. ಅದೇ ದಿನ ಮಧ್ಯಾಹ್ನ ನಾವು ಬರೆದುಕೊಂಡ ಮೊದಲ ಪಾಠ, ನೌಕರನ ಇಚ್ಛೆಯನ್ನು ತಿಳಿದೇ ಅವನಿಗೆ ಕೆಲಸ ಹಂಚಬೇಕು ಎಂಬುದು.

ಪಾಠ ಮಾಡಲು ಬರುತ್ತಿದ್ದ ಮೇಷ್ಟ್ರು ಹಾಸನದಿಂದ ಆಲೂರಿನ ಮೇಲೆ ಬಸ್ಸಿನಲ್ಲಿ ಬರುವವರು. ಅತಿಥಿ ಉಪನ್ಯಾಸಕರು. ವಾರದಲ್ಲಿ ಮೂರು ದಿನ ನಮ್ಮ ಕಾಲೇಜು, ಉಳಿದ ದಿನ ಇನ್ನೆಲ್ಲೋ. ಬಂದವರೇ ಬೆವರು ಒರೆಸಿಕೊಂಡು ಕಪ್ಪು ಡೈರಿ ತೆಗೆದು ನೋಟ್ಸ್ ಓದುತ್ತಿದ್ದರು. ನಾವು ಬರೆಯುತ್ತಿದ್ದೆವು. ನಡುವೆ ಯಾರಾದರೂ ಕೈಯೆತ್ತಿದರೆ, "ಪ್ರಶ್ನೆ ಆಮೇಲೆ, ಮೊದ್ಲು ಪೋರ್ಷನ್ ಮುಗೀಲಿ" ಎನ್ನುತ್ತಿದ್ದರು. ಪೋರ್ಷನ್ ಮುಗಿಯುವ ಹೊತ್ತಿಗೆ ಪರೀಕ್ಷೆ ಬರುತ್ತಿತ್ತು. ದೂರು ನಿರ್ವಹಣೆ ಎಂಬ ಅಧ್ಯಾಯವನ್ನು ಹೀಗೆ ಒಂದೇ ಒಂದು ದೂರಿಗೂ ಜಾಗ ಕೊಡದೆ ಮುಗಿಸಿದರು. ನಾನು ಹಾನುಬಾಳಿನಿಂದ ಬೆಳಗಿನ ಬಸ್ಸು ಹಿಡಿದು, ಕಂಬಕ್ಕೆ ಜೋತುಬಿದ್ದು ಬಂದು ಇದನ್ನು ಬರೆದುಕೊಳ್ಳಬೇಕಾಗಿತ್ತು.

ಆದರೆ ನಾನು ಆ ಪಾಠವನ್ನು ನಂಬಿದ್ದೆ ಎಂಬುದನ್ನೂ ಹೇಳಬೇಕು. ನಮ್ಮಪ್ಪ ಹಾನುಬಾಳಿನಿಂದ ಮೇಲಕ್ಕಿರುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ತೋಟಕ್ಕೆ ಎಂದು ಹಂಚಿ, ಸಂಜೆಯವರೆಗೂ ಅವರ ಹಿಂದೆ ತಿರುಗುವ ಕೆಲಸ. ಪುಸ್ತಕದಲ್ಲಿರುವುದೆಲ್ಲ ಅಪ್ಪ ದಿನವೂ ಮಾಡುವುದೇ, ಅಪ್ಪನಿಗೆ ಅದರ ಹೆಸರು ಗೊತ್ತಿಲ್ಲ ಅಷ್ಟೇ ಎಂದು ನನಗನ್ನಿಸಿತು. ಹಾಗಾಗಿ ಒಂದು ಭಾನುವಾರ ಊಟಕ್ಕೆ ಕೂತಾಗ ಅಪ್ಪ, "ಹೆಂಗಸ್ರು ಒಂದ್ ಕೈಲಿ ಹಣ್ಣು ಕುಯ್ತಾರೆ, ಒಂದ್ ಕೈಲಿ ಫೋನ್ ಒತ್ತಾರೆ. ಧಣಿ ಬಂದಾಗ ನೋಡ್ಬುಟ್ರು. ಏನಾದ್ರೂ ಮಾಡು ಅಂತ ನನ್ ಮೇಲೆ ಹಾರಾಡ್ತಾರೆ" ಎಂದಾಗ ನಾನೇ ಮುಂದೆ ಬಿದ್ದೆ.

"ಲಿಖಿತ ನಿಯಮ ಇರ್ಬೇಕಪ್ಪ. ಬಾಯಲ್ಲಿ ಹೇಳಿದ್ರೆ ಯಾರೂ ಕೇಳಲ್ಲ. ನಮ್ಮ ನೋಟ್ಸಲ್ಲೇ ಐತೆ."

ಊಟದ ಕೈ ತೊಳೆದು ಬಂದು ಆರು ನಿಯಮ ಬರೆದೆ. ಮೂರನೆಯದು: 'ಕೆಲಸದ ವೇಳೆಯಲ್ಲಿ ಎಲ್ಲರೂ ತಮ್ಮ ಮೊಬೈಲ್ ಫೋನುಗಳನ್ನು ಸ್ಟೋರಿನಲ್ಲಿ ಇಡತಕ್ಕದ್ದು.' ಆ 'ತಕ್ಕದ್ದು' ಎಂಬ ಮಾತು ನನಗೆ ಬಹಳ ಹಿಡಿಸಿತ್ತು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಸಿ, ಲ್ಯಾಮಿನೇಶನ್ ಹಾಕಿಸಿ ಅಪ್ಪನ ಕೈಗೆ ಕೊಟ್ಟೆ. ಧಣಿ ಸಹಿ ಹಾಕಿದರಂತೆ. ಎಸ್ಟೇಟಿನ ಸಾಮಾನಿಡುವ ಸ್ಟೋರ್ ಬಾಗಿಲಿಗೆ ನಾಲ್ಕು ಮೊಳೆ ಹೊಡೆದು ಬಿಗಿದರಂತೆ. ಒಂದು ತಗಡಿನ ಡಬ್ಬ ಇಟ್ಟು ಎಲ್ಲರ ಫೋನನ್ನೂ ಅದಕ್ಕೆ ಹಾಕಿಸತೊಡಗಿದರಂತೆ. ನಾನು ಮನೆಯಲ್ಲಿ ಕೂತು ಖುಷಿಪಟ್ಟೆ.

ಅಷ್ಟರಲ್ಲಿ ಪ್ರಾಜೆಕ್ಟ್ ಮಾಡುವ ಕಾಲ ಬಂತು. ಪ್ರತಿಯೊಬ್ಬರೂ ಒಂದು ಕಂಪನಿಗೆ ಹೋಗಿ, ಅಲ್ಲಿಯ ನೌಕರರ ಉದ್ಯೋಗ ತೃಪ್ತಿಯನ್ನು ಅಧ್ಯಯನ ಮಾಡಿ ವರದಿ ಕೊಡಬೇಕು. ಸಕಲೇಶಪುರದಲ್ಲಿ ಕಂಪನಿ ಎಲ್ಲಿಂದ ತರುವುದು? ಎರಡು ರೆಸಾರ್ಟಿಗೆ ಹೋದೆ. ಒಂದರಲ್ಲಿ ಗೇಟಿನವರೇ ಒಳಗೆ ಬಿಡಲಿಲ್ಲ. ಇನ್ನೊಂದರಲ್ಲಿ ಮ್ಯಾನೇಜರು ಕಾಲೇಜಿನ ಪತ್ರವನ್ನು ಎರಡು ಸಲ ಓದಿ, "ಸೀಸನ್ ಮುಗಿದ ಮೇಲೆ ಬಾಮ್ಮ" ಎಂದರು. ಸೀಸನ್ ಮುಗಿಯುವುದು ನಮ್ಮ ಪರೀಕ್ಷೆ ಮುಗಿದ ಮೇಲೆ. ವನಗೂರು ಕಡೆಯ ನನ್ನ ಗೆಳತಿ ಮಾತ್ರ ನಿಶ್ಚಿಂತೆಯಿಂದಿದ್ದಳು. ಬೈಂಡಿಂಗ್ ಅಂಗಡಿಯಲ್ಲಿ ಹಿಂದಿನ ವರ್ಷದವರ ವರದಿ ಸಿಗುತ್ತದೆ, ಹೆಸರು ಬದಲಾಯಿಸಿಕೊಡುತ್ತಾರೆ ಎಂದು ನನಗೂ ಬುದ್ಧಿ ಹೇಳಿದಳು. ನಾನು ಕೇಳಲಿಲ್ಲ. ಎಸ್ಟೇಟಿನಲ್ಲಿ ಮಾಡುತ್ತೇನೆ ಎಂದು ಮೇಷ್ಟ್ರ ಮುಂದೆ ಹೋಗಿ ನಿಂತೆ.

"ಎಸ್ಟೇಟ್ ಕಂಪನಿ ಅಲ್ಲಮ್ಮ" ಎಂದರು.

"ಕೆಲಸಗಾರ್ರು ಇದಾರಲ್ಲ ಸರ್."

"ಎಂಪ್ಲಾಯಿಸ್ ಬೇರೆ, ಆಳುಗಳು ಬೇರೆ." ಬಸ್ಸಿಗೆ ಹೊತ್ತಾಗುತ್ತಿತ್ತು. ಗಡಿಯಾರ ನೋಡಿಕೊಂಡು, "ಆಯ್ತು, ಮಾಡು. ಆದ್ರೆ ಕ್ವಶ್ಚನೇರ್ ಮಾತ್ರ ನಾನ್ ಕೊಟ್ಟಿದ್ದೇ ಇರ್ಬೇಕು. ಒಂದಕ್ಷರ ಬದಲಾಯಿಸ್ಬಾರ್ದು" ಎಂದು ಸಹಿ ಮಾಡಿ ಓಡಿದರು.

ಆ ಪ್ರಶ್ನಾವಳಿಯಲ್ಲಿ ಮೂವತ್ತು ಪ್ರಶ್ನೆಗಳು. ಪ್ರತಿಯೊಂದರ ಮುಂದೆ ಐದು ಚೌಕ: ಬಹಳ ತೃಪ್ತಿಯಿಂದ ಹಿಡಿದು ಬಹಳ ಅತೃಪ್ತಿಯವರೆಗೆ. ಯಾವುದೋ ಊರಿನ ಯಾವುದೋ ಹವಾನಿಯಂತ್ರಿತ ಆಫೀಸಿಗೆಂದು ಬರೆದದ್ದು. ಅದನ್ನು ಕನ್ನಡ ಮಾಡಿಕೊಂಡು, ಜನವರಿಯ ಒಂದು ಶನಿವಾರ ಅಪ್ಪನ ಬೈಕಿನ ಹಿಂದೆ ಕೂತು ಎಸ್ಟೇಟಿಗೆ ಹೋದೆ. ಹಣ್ಣಿನ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಮೇಲಿನ ಊರೊಂದರಿಂದ ಜೀಪಿನಲ್ಲಿ ದಿನಾ ಬರುವ ಹದಿನಾಲ್ಕು ಹೆಂಗಸರ ಒಂದು ಗುಂಪಿತ್ತು. ಅವರ ಮುಂದಾಳು ನಲವತ್ತೈದರ ಆಸುಪಾಸಿನ ಒಬ್ಬ ಅಕ್ಕ. ಸೀರೆಯ ಮೇಲೆ ಗಂಡನ ಉದ್ದ ತೋಳಿನ ಅಂಗಿ, ತಲೆಗೆ ಟವೆಲು, ಮಾತು ಮಾತ್ರ ಕಡಿಮೆ. ಹತ್ತು ಗಂಟೆಯ ಕಾಫಿಗೆ ಎಲ್ಲರೂ ಮರದ ಕೆಳಗೆ ಕೂತಾಗ ನಾನು ಕಾಗದ ಹಂಚಿದೆ. ಓದಲು ಬಾರದವರಿಗೆ ಓದಿ ಹೇಳತೊಡಗಿದೆ.

"ವೃತ್ತಿ ಬೆಳವಣಿಗೆಯ ಅವಕಾಶಗಳ ಬಗ್ಗೆ ನಿಮಗೆ ತೃಪ್ತಿ ಇದೆಯಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂಗಂದ್ರೆ ಏನವ್ವ?" ಎಂದು ಒಬ್ಬಾಕೆ ಕೇಳಿದಳು.

"ಅಂದ್ರೆ... ಮುಂದೆ ಮೇಲಿನ ಕೆಲಸಕ್ಕೆ ಹೋಗೋದು."

"ಮೇಲಿನ ತೋಟಕ್ಕಾ? ನಿನ್ನೆ ಅಲ್ಲೇ ಕುಯ್ದ್ವಲ್ಲ."

ನಗು ಎದ್ದಿತು. ನನಗೆ ನಗು ಬರಲಿಲ್ಲ. ಇನ್ನೂ ಇಪ್ಪತ್ತಾರು ಪ್ರಶ್ನೆ ಬಾಕಿ ಇದ್ದವು. ಮುಂದಿನದಕ್ಕೆ ಅವರು ತಾಳ್ಮೆ ಕಳೆದುಕೊಂಡು, ಓದುವ ಮೊದಲೇ "ಬೋ ತೃಪ್ತಿ ಅಂತ ಹಾಕವ್ವ" ಎನ್ನತೊಡಗಿದರು. ಕೊನೆಗೆ ಹದಿಮೂರು ಜನರ ಕಾಗದದಲ್ಲಿ ಮೇಲಿನಿಂದ ಕೆಳಗಿನವರೆಗೆ ಮೊದಲ ಚೌಕಕ್ಕೇ ಗೆರೆ ಬಿದ್ದಿತು. ಅಕ್ಕ ಮಾತ್ರ ಕಾಗದವನ್ನು ಹಿಂದಕ್ಕೆ ಕೊಟ್ಟಳು. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.

"ಯಾಕಕ್ಕ?"

"ನಂಗೆ ಬೇಕಾದ್ದು ಇದ್ರಾಗೆ ಕೇಳಿಲ್ಲ ಕಣವ್ವ. ಫೋನಿನ ವಿಚಾರ ಎಲ್ಲೈತೆ ಇದ್ರಲ್ಲಿ? ಆನೆ ಬಂದದ್ದು ನಮಗೆ ಗೊತ್ತಾಗಾದು ಫೋನಿನಾಗೆ. ಎಲ್ಲವೆ, ಎತ್ಲಾಗ್ ಹೋಗ್ತಾವೆ ಅಂತ ಮೆಸೇಜ್ ಬತ್ತದೆ. ಅದನ್ನ ಡಬ್ಬದಾಗೆ ಹಾಕಿ ಇಲ್ಲಿ ಕುಯ್ಯಾಕೆ ನಿಂತ್ರೆ ಹೆಂಗೆ?"

ನಮ್ಮ ಸೀಮೆಯಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿ ಅರಣ್ಯ ಇಲಾಖೆಯಿಂದ ಫೋನಿಗೆ ಬರುತ್ತದೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಫೋನಿಗೂ ಬರುತ್ತಿತ್ತು. ನಿಯಮ ಬರೆಯುವಾಗ ಅದು ಒಮ್ಮೆಯೂ ನೆನಪಾಗಿರಲಿಲ್ಲ. ಅದನ್ನು ಬರೆದವಳು ನಾನೇ ಎಂದು ಹೇಳುವ ಧೈರ್ಯವೂ ಆಗ ಬರಲಿಲ್ಲ. "ಅಪ್ಪನಿಗೆ ಹೇಳ್ತೀನಕ್ಕ" ಎಂದೆ.

ಸಂಜೆ ದಾರಿಯಲ್ಲೇ ಹೇಳಿದೆ. ಅಪ್ಪ ಬೈಕು ನಿಲ್ಲಿಸಿ ತಿರುಗಿದರು. "ಬರ್ದಿದ್ದು ನೀನು. ಸಹಿ ಹಾಕಿದ್ದು ಧಣಿ. ಈಗ ನಾನ್ ಹೋಗಿ ಕಿತ್ತಾಕ್ಲಾ? ಆನೆ ಬಂದ್ರೆ ನನ್ ಫೋನಿಗೂ ಬತ್ತದೆ, ನಾನ್ ಹೇಳ್ತೀನಿ. ಸುಮ್ನೆ ಕೂತ್ಕ."

ನಾನು ಸುಮ್ಮನೆ ಕೂತೆ. ಅಪ್ಪನ ಫೋನಿಗೆ ತೋಟದ ಅರ್ಧ ಭಾಗದಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಮಾತು ಅಲ್ಲಿಗೇ ನಿಂತಿತು.

ಮುಂದಿನ ಶನಿವಾರ ನಾನು ಮತ್ತೆ ಹೋದೆ. ಎಲ್ಲರೂ ಬಹಳ ತೃಪ್ತರು ಎಂದರೆ ಮೇಷ್ಟ್ರು ಒಪ್ಪುವುದಿಲ್ಲ, ಒಂದಿಷ್ಟು ಅತೃಪ್ತಿಯನ್ನಾದರೂ ಗಿಟ್ಟಿಸಿಕೊಂಡು ಬರಬೇಕು ಎಂಬ ಯೋಚನೆ. ಒಂಬತ್ತೂವರೆ ಇರಬಹುದು, ಸ್ಟೋರಿನ ಒಳಗೆ ಒಬ್ಬಳೇ ಕೂತು ಕಾಗದ ಜೋಡಿಸುತ್ತಿದ್ದೆ. ಪಕ್ಕದ ತಗಡಿನ ಡಬ್ಬದಲ್ಲಿ ಒಂದು ಫೋನು 'ಟಿಣ್' ಎಂದಿತು. ಹಿಂದೆಯೇ ಇನ್ನೊಂದು. ಆಮೇಲೆ ಒಂದರ ಮೇಲೊಂದು ಬಡಿದುಕೊಳ್ಳತೊಡಗಿದವು. ತಗಡೇ ನಡುಗಿತು. ನನ್ನ ಫೋನನ್ನು ತೆಗೆದು ನೋಡಿದೆ. ಆನೆಗಳ ಹಿಂಡು ನಮ್ಮ ಎಸ್ಟೇಟಿನ ಕೆಳಗಿನ ಹಳ್ಳ ದಾಟಿದೆ, ಮೇಲಕ್ಕೆ ಬರುತ್ತಿದೆ ಎಂದಿತ್ತು. ಹಳ್ಳದ ಮೇಲಿನ ತೋಟದಲ್ಲೇ ಆ ಗುಂಪು ಕುಯ್ಯುತ್ತಿದ್ದದ್ದು.

ಗುಡ್ಡದಾಚೆಯ ತೋಟದಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದೆ. ಸಂಪರ್ಕ ಕ್ಷೇತ್ರದ ಹೊರಗಿದ್ದಾರೆ ಎಂದು ಹೆಣ್ಣು ದನಿಯೊಂದು ನಿಧಾನವಾಗಿ ಹೇಳಿತು. ಎರಡನೆಯ ಸಲವೂ ಅಷ್ಟೇ ನಿಧಾನವಾಗಿ ಹೇಳಿತು. ಜೀಪು ಪೇಟೆಗೆ ಹೋಗಿತ್ತು. ನಾನು ಕಾಗದಗಳನ್ನೆಲ್ಲ ಅಲ್ಲೇ ಬಿಟ್ಟು ಓಡಿದೆ. ಕಾಫಿ ಗಿಡಗಳ ನಡುವಿನ ದಾರಿಯಲ್ಲಿ ಎಡವುತ್ತ, "ಅಕ್ಕಾ, ಆನೆ! ಮೇಲಕ್ ಬನ್ನಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ನನ್ನ ಕೂಗು ಅವರಿಗೆ ಮುಟ್ಟುವ ಮೊದಲೇ ಕೆಳಗೆ ಕೊಂಬೆ ಮುರಿಯುವ ಸದ್ದು ಅವರಿಗೆ ಕೇಳಿತ್ತು. ಚೀಲ, ಬುಟ್ಟಿ ಎಲ್ಲ ಎಸೆದು ಗಿಡ ಸೀಳಿಕೊಂಡು ಹೆಂಗಸರು ನನ್ನ ಕಡೆಗೇ ಬಂದರು. ಕೊನೆಯಲ್ಲಿ ಅಕ್ಕ. ಎಲ್ಲರನ್ನೂ ಮುಂದೆ ಬಿಟ್ಟು ಹಿಂದೆ ಉಳಿದಿದ್ದಳು. ಮಳೆ ನೀರು ಇಂಗಲೆಂದು ಗಿಡಗಳ ಸಾಲಿನಲ್ಲಿ ತೋಡಿದ ಗುಂಡಿಯೊಂದಕ್ಕೆ ಕಾಲು ಹಾಕಿ, ಮುಂದಕ್ಕೆ ಬಿದ್ದಳು. ಕೈ ಊರಿಕೊಂಡದ್ದು ನನಗೆ ಕಂಡಿತು. ಎದ್ದಾಗ ಆ ಕೈಯ ಮಣಿಕಟ್ಟು ಬೇರೆ ದಿಕ್ಕಿಗೆ ತಿರುಗಿತ್ತು.

ಆನೆಗಳು ಯಾರ ತಂಟೆಗೂ ಬರಲಿಲ್ಲ. ಒಂದು ಬೈನೆ ಮರವನ್ನು ಕೆಡವಿ, ಹಣ್ಣು ತುಂಬಿದ ಎರಡು ಚೀಲ ತುಳಿದು, ಬಂದ ದಾರಿಗೆ ಅಡ್ಡವಾಗಿ ಹೊರಟುಹೋದವು.

ಜೀಪು ಬಂದ ಮೇಲೆ ಅಕ್ಕನನ್ನು ಸಕಲೇಶಪುರದ ಆಸ್ಪತ್ರೆಗೆ ಕರೆದುಕೊಂಡು ಹೊರಟೆವು. ಮುಂದೆ ಅಪ್ಪ ಡ್ರೈವರಿನ ಪಕ್ಕ ಕೂತಿದ್ದರು. ಹಿಂದೆ ನಾನು, ಅಕ್ಕ. ಟವೆಲಿನಲ್ಲಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಅವಳು ಪ್ರತಿ ತಿರುವಿನಲ್ಲೂ ಹಲ್ಲು ಕಚ್ಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಆ ಬೋರ್ಡ್ ಬರ್ದಿದ್ದು ನಾನು."

ಅವಳು ನನ್ನ ಮುಖವನ್ನೂ ನೋಡಲಿಲ್ಲ. "ಗೊತ್ತು ಕಣವ್ವ. ಅಂಟಿಸಿದ್ ದಿನವೇ ನಿಮ್ಮಪ್ಪಾರು ಎಲ್ರಿಗೂ ಹೇಳಿದ್ರು. ನಮ್ ಮಗಳು ಬರ್ದಿರೋದು, ಅದೇ ಓದ್ತಾ ಅವ್ಳೆ ಅಂತ."

ಮುಂದೆ ಕೂತಿದ್ದ ಅಪ್ಪನ ಕತ್ತು ಸ್ವಲ್ಪ ಬಗ್ಗಿತು. ಅಂದರೆ ನಾನು ಚೌಕಗಳಿಗೆ ಗೆರೆ ಹಾಕಿಸಿಕೊಳ್ಳುತ್ತಿದ್ದಾಗ ಆ ಹದಿನಾಲ್ಕು ಜನಕ್ಕೂ ನಿಯಮ ಯಾರದೆಂದು ಗೊತ್ತಿತ್ತು. ಬಹಳ ತೃಪ್ತಿ ಎಂದು ಅವರು ಯಾಕೆ ಬರೆಸಿದರೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ನನ್ನ ಮೇಲೆ ನನಗೇ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಸೋಮವಾರ ಆ ಊರಿನ ಹೆಂಗಸರು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರತೊಡಗಿತು. ಧಣಿ ಫೋನಿನಲ್ಲಿ ಅಪ್ಪನ ಮೇಲೆ ಕೂಗಾಡಿದರು, ಅಪ್ಪ ಮನೆಯಲ್ಲಿ ನನ್ನ ಮೇಲೆ ಕೂಗಾಡಿದರು. "ನಿಮ್ ಮೇಷ್ಟ್ರನ್ನೇ ಕರ್ಕಂಡ್ ಬಾ, ಬಂದು ಕುಯ್ಲಿ!" ಎಂದರು. ಅಮ್ಮ ಒಳಗಿನಿಂದ, "ನಮ್ ಮಗಳು ಬರ್ದಿರೋ ಬೋರ್ಡ್ ನೋಡಿ ಅಂತ ಊರೆಲ್ಲ ಹೇಳ್ಕಂಡ್ ಬಂದೋರು ಯಾರು?" ಎಂದ ಮೇಲೆ ಸುಮ್ಮನಾದರು.

ಕೆಲಸ ಬಿಟ್ಟವರನ್ನು ಕೂರಿಸಿಕೊಂಡು ಯಾಕೆ ಬಿಟ್ಟಿರಿ ಎಂದು ಕೇಳುವುದಕ್ಕೆ ನಮ್ಮ ನೋಟ್ಸಿನಲ್ಲಿ ಎಕ್ಸಿಟ್ ಇಂಟರ್‌ವ್ಯೂ ಎನ್ನುತ್ತಾರೆ. ಐದು ಅಂಕದ ಪ್ರಶ್ನೆ. ಬುಧವಾರ ಕಾಲೇಜಿಗೆ ಚಕ್ಕರ್ ಹೊಡೆದು ನಾನು ಅಕ್ಕನ ಊರಿಗೆ ಹೋದೆ. ಯಾವ ಕಾಗದವನ್ನೂ ಒಯ್ಯಲಿಲ್ಲ. ಕೈಗೆ ಬಿಳಿ ಪಟ್ಟಿ ಹಾಕಿಸಿಕೊಂಡು ಅವಳು ಜಗಲಿಯಲ್ಲಿ ಕೂತಿದ್ದಳು. ಮಗಳ ಹತ್ತಿರ ಕಾಫಿ ಮಾಡಿಸಿಕೊಟ್ಟಳು.

"ಎಲ್ರೂ ಆನೇಮಹಲ್ ಕಡೆ ಒಂದು ತೋಟಕ್ ಹೋಗ್ತಾವ್ರೆ" ಎಂದಳು.

"ಅಲ್ಲಿ ಆನೆ ಇಲ್ವಾ?"

"ಆನೆ ಎಲ್ಲಿಲ್ಲ ಹೇಳು? ಆನೆಗೆ ಹೆದ್ರಿ ಯಾರ್ ಕೆಲ್ಸ ಬುಟ್ಟಾರೆ?" ಅವಳಿಗೂ ರೇಗಿತ್ತು, ಆದರೆ ದನಿ ಎತ್ತಲಿಲ್ಲ. "ಫೋನ್ ನೋಡ್ತಾ ಕೂರೋರು ನಮ್ಮಾಗೂ ಇದ್ರು, ಇಲ್ಲ ಅನ್ನಲ್ಲ. ನಾನೇ ಬೈತಿದ್ದೆ. ಬೋರ್ಡ್ ಹಾಕಾದಕ್ ಮುಂಚೆ ನಿಮ್ಮಪ್ಪಾರು ಒಂದ್ ಮಾತ್ ಕೇಳಿದ್ರೆ, ಇಬ್ಬರ ಫೋನು ನಮ್ ತಾವ್ ಇರ್ಲಿ, ಮಿಕ್ಕಿದ್ದು ಇಟ್ಕಳಿ ಅಂತಿದ್ದೆ. ಮುಗೀತಿತ್ತು. ಏಳ್ ವರ್ಷದಿಂದ ಬತ್ತಿದೀವಿ ಆ ತೋಟಕ್ಕೆ."

"ಈಗ ಹಂಗೇ ಮಾಡಿದ್ರೆ ಬರ್ತೀರಾ ಅಕ್ಕ?"

"ಇಲ್ಲ" ಎಂದಳು. ಲೋಟವನ್ನು ನನ್ನ ಕಡೆಗೆ ಸರಿಸಿ, "ಕಾಫಿ ಆರೋಯ್ತು, ಕುಡಿ" ಎಂದಳು.

ವರದಿಯನ್ನು ನಾನು ಇದ್ದದ್ದು ಇದ್ದಂತೆ ಬರೆದೆ. ಹದಿಮೂರು ಕಾಗದಗಳು ಯಾಕೆ ಸುಳ್ಳು, ಹದಿನಾಲ್ಕನೆಯದು ಯಾಕೆ ಖಾಲಿ, ನಿಯಮ ಬರೆದವರು ಯಾರು, ಎಲ್ಲವನ್ನೂ. ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ತಿರುವಿ ಹಾಕಿ ಹಣೆ ಹಿಡಿದುಕೊಂಡರು.

"ಇದರೊಳಗೆ ಆನೆ ಎಲ್ಲಿಂದ ಬಂತಮ್ಮ?"

"ಹಳ್ಳದ ಕಡೆಯಿಂದ ಸರ್."

"ತಮಾಷೆ ಮಾಡ್ತಿಲ್ಲ ನಾನು! ಟೇಬಲ್ ಎಲ್ಲಿ? ಪೈ ಚಾರ್ಟ್ ಎಲ್ಲಿ? ಕೊನೇಲಿ 'ಬಹುತೇಕ ನೌಕರರು ತೃಪ್ತರಾಗಿದ್ದಾರೆ' ಅಂತ ಬರಬೇಕು."

"ಅವರು ಕೆಲ್ಸ ಬಿಟ್ಟು ಹೋದ್ರು ಸರ್."

"ನೀನು ಡೇಟಾ ತಗೊಂಡ ದಿನ ಇದ್ರಲ್ಲ?"

ಅರ್ಧ ಗಂಟೆ ಹೀಗೇ ನಡೆಯಿತು. ಅವರನ್ನು ನಾನು ಈಗ ಪೂರ್ತಿ ಬೈಯಲಾರೆ. ಮೇಜಿನ ಮೇಲೆ ಸಹಿಗೆ ಕಾದಿದ್ದ ವರದಿಗಳ ರಾಶಿ ಅವರ ಎದೆಯ ಮಟ್ಟಕ್ಕಿತ್ತು. ಬಸ್ಸಿಗೆ ಎಂದಿನಂತೆ ಹೊತ್ತಾಗಿತ್ತು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಪೈ ಚಾರ್ಟ್ ಹಾಕುವುದು. ಆನೆ, ಡಬ್ಬ, ಅಕ್ಕನ ಕೈ ಇವೆಲ್ಲವನ್ನೂ 'ಅಧ್ಯಯನದ ಮಿತಿಗಳು' ಎಂಬ ಶೀರ್ಷಿಕೆಯ ಕೆಳಗೆ ಸೇರಿಸುವುದು. ಆ ಅಧ್ಯಾಯ ಬೇರೆಯವರ ವರದಿಯಲ್ಲಿ ಅರ್ಧ ಪುಟ ಇರುತ್ತದೆ. ನನ್ನದರಲ್ಲಿ ಹನ್ನೊಂದು ಪುಟವಾಯಿತು. ಹದಿಮೂರು ಜನ ತೃಪ್ತರು ಎಂಬ ಚಿತ್ರ ಒಂದೇ ಬಣ್ಣದ ದೊಡ್ಡ ಚಕ್ಕೆಯಂತೆ ಕಾಣುತ್ತಿತ್ತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದಿದ್ದರು. ನನಗಿಂತ ಮುಂಚೆ ಒಳಗೆ ಹೋದ ವನಗೂರಿನ ಗೆಳತಿ ಎರಡೇ ನಿಮಿಷದಲ್ಲಿ ನಗುತ್ತ ಹೊರಗೆ ಬಂದಳು. ಪರೀಕ್ಷಕರು ನನ್ನನ್ನು ಕೂರಿಸಿ, "ಎಷ್ಟು ಜನರನ್ನ ಕೇಳಿದೆ?" ಎಂದರು. ಹದಿನಾಲ್ಕು ಎಂದೆ. "ಸಾಲದು" ಎಂದು ಬರೆದುಕೊಂಡರು. ಪುಟ ತಿರುವುತ್ತ ಹೋಗಿ ಒಂದು ಕಡೆ ನಿಂತರು. ಓದಿದರು. ಮುಂದಿನ ಪುಟವನ್ನೂ ಓದಿದರು. ಮೇಷ್ಟ್ರು ಕೆಮ್ಮಿದರು.

"ಆಮೇಲೆ ಅವರು ವಾಪಸ್ ಬಂದ್ರಾ?" ಎಂದು ಪರೀಕ್ಷಕರು ಕೇಳಿದರು.

"ಇಲ್ಲ ಸರ್."

"ಆ ಬೋರ್ಡು?"

"ಇನ್ನೂ ಹಂಗೇ ಐತೆ ಸರ್." ಗಾಬರಿಯಲ್ಲಿ ಮನೆಯ ಮಾತೇ ಬಾಯಿಗೆ ಬಂತು.

"ಮೊದಲು ಹೋಗಿ ಅದನ್ನ ತೆಗೆಸು" ಎಂದು ವರದಿಯನ್ನು ಮುಚ್ಚಿದರು. ಅಂಕ ಸಾಧಾರಣವಾಗಿಯೇ ಬಂತು. ಗೆಳತಿಗೆ ನನಗಿಂತ ಆರು ಹೆಚ್ಚು.

ಬೋರ್ಡನ್ನು ತೆಗೆಸುವುದಕ್ಕೆ ಇನ್ನೊಂದು ತಿಂಗಳು ಬೇಕಾಯಿತು. ಧಣಿಯನ್ನು ಕೇಳದೆ ಮುಟ್ಟುವುದಿಲ್ಲ ಎಂದು ಅಪ್ಪ, ಕೇಳು ಎಂದು ನಾನು. ಧಣಿಗೆ ಹೇಳುವ ಸಮಯ ಸಿಗುತ್ತಿಲ್ಲ ಎಂದು ಅಪ್ಪ, ದಿನಾ ಫೋನಿನಲ್ಲಿ ಮಾತಾಡುತ್ತೀಯಲ್ಲ ಎಂದು ನಾನು. ಕೊನೆಗೆ ಒಂದು ಸಂಜೆ ಅಪ್ಪ ಅದನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಧಣಿ ಒಂದೇ ಮಾತಿಗೆ ಹೂಂ ಅಂದರಂತೆ. ಅಷ್ಟಕ್ಕೆ ಅಷ್ಟು ದಿನ ಕಾಯಿಸಿದರಲ್ಲ ಎಂದು ನನಗೆ ಮತ್ತೆ ಸಿಟ್ಟು ಬಂತು.

ಮುಂದಿನ ಕೊಯ್ಲಿಗೆ ಆಳು ಸಿಗುವುದು ಇನ್ನೂ ಕಷ್ಟವಾಯಿತು. ಅಷ್ಟರಲ್ಲಿ ನಾನು ಹಾಸನದ ಒಂದು ಆಫೀಸಿಗೆ ಸೇರಿದ್ದೆ. ಅಲ್ಲಿಯೂ ಎಚ್.ಆರ್. ವಿಭಾಗವೇ. ರಜೆಗೆ ಬಂದಾಗ ಅಪ್ಪ, ನೀನೊಂದ್ಸಲ ಆ ಅಕ್ಕನ ಹತ್ರ ಹೋಗಿ ಬಾ, ನಿನ್ನ ಮಾತು ಕೇಳ್ತಾಳೆ ಎಂದು ಗಂಟು ಬಿದ್ದರು. ನಾನು ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ನನ್ನ ಸರದಿ ಮುಗಿದಿದೆ, ಈ ಸಲ ನೀನೇ ಹೋಗು ಎಂದೆ. ಎರಡು ದಿನ ಗೊಣಗಿ, ಮೂರನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ಬೈಕು ಏರಿ ಹೋದರು. ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಮುಖ ಗಂಟಿಕ್ಕಿಕೊಂಡು ವಾಪಸು ಬಂದರು.

"ಏನಂದ್ರು?"

"ಏನಂತಾಳೆ! ಜಗಲಿ ಮೇಲೆ ಕೂರಿಸಿ ಒಂದ್ ಗಂಟೆ ಬೈದ್ಳು ಮಾರಾಯ್ತಿ. ಏಳ್ ವರ್ಷದ್ದೂ ಇಟ್ಕಂಡಿದ್ಳು. ಜೀಪು ಮಳೇಲಿ ಅರ್ಧ ದಾರೀಲೇ ಇಳ್ಸಿದ್ದು, ಹಾಜರಿ ಹಾಕೋವಾಗ ಒಬ್ಬಾಕೀನ ನಾನ್ ರೇಗಿಸಿದ್ದು, ನಂಗೇ ಮರ್ತೋಗಿದ್ದೆಲ್ಲ ಹೇಳಿದ್ಳು."

"ನೀನೇನಂದೆ?"

"ಏನನ್ಲಿ? ಕೂತ್ಕಂಡು ಕೇಳ್ದೆ." ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ತೂಗಿದರು. "ಅವ್ಳು ಬರಲ್ವಂತೆ. ಆ ಕೈಲಿ ಈಗ ಪೂರ್ತಿ ಕುಯ್ಯಾಕೂ ಆಗಲ್ವಂತೆ. ಬೇರೆ ಮೂರ್ ಜನ ನಾಳೆಯಿಂದ ಬತ್ತಾರೆ."

ಮೂರೇ ಜನವಾ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ನಾನು ಅನ್ನಕ್ಕೆ ಸಾರು ಬಿಸಿ ಮಾಡಲು ಎದ್ದೆ.